ಗ್ವಿನೆದ್ ಕೌಂಟಿ ಕೌನ್ಸಿಲ್, ಅದರ ಸಭೆ, ಅದರ ಗೊತ್ತುವಳಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಉತ್ತರ ವೇಲ್ಸ್‌ನ ಬ್ಯಾಂಗರ್‌ನಲ್ಲಿ. ಊರಿಂದ ಫೋನ್ ಮಾಡುವವರೂ, ಇಲ್ಲಿಗೆ ಹೊಸದಾಗಿ ಕೆಲಸಕ್ಕೆ ಬರುವ ಕನ್ನಡದ ಮನೆಯವರೂ ಇಲ್ಲಿನ ಕೌನ್ಸಿಲ್ ಬಗ್ಗೆ ಒಂದೇ ಥರದ ಪ್ರಶ್ನೆ ಕೇಳುತ್ತಿರುತ್ತಾರೆ. ಹೇಳಿದ್ದನ್ನೇ ಹೇಳುವ ಬದಲು ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅನ್ನಿಸಿತು.

ಗ್ವಿನೆದ್ ಅಂದರೆ ಎಲ್ಲಿ? ಎಷ್ಟು ದೊಡ್ಡದು?

ವೇಲ್ಸ್‌ನ ವಾಯವ್ಯ ಮೂಲೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಎರುರಿ ಬೆಟ್ಟಗಳು. ಸುಮಾರು 2,500 ಚದರ ಕಿಲೋಮೀಟರ್ ನೆಲ. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ 1 ಲಕ್ಷ 17 ಸಾವಿರ. ನಮ್ಮ ಕಡೆ ಒಂದು ಸಾಧಾರಣ ತಾಲ್ಲೂಕಿನಲ್ಲಿ ಇದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಕುರಿ ಸಾಕುವವರು, ಪ್ರವಾಸಿಗರನ್ನು ನಂಬಿಕೊಂಡವರು, ಆಸ್ಪತ್ರೆ, ವಿಶ್ವವಿದ್ಯಾಲಯ, ಕೌನ್ಸಿಲ್‌ಗಳಲ್ಲಿ ಕೆಲಸ ಮಾಡುವವರು, ಹೀಗೆ. ಹಿಂದೆ ಇಡೀ ಪ್ರಪಂಚದ ಮನೆಗಳಿಗೆ ಇಲ್ಲಿನ ಸ್ಲೇಟ್ ಕಲ್ಲು ಹೋಗುತ್ತಿತ್ತು. ಆ ಸ್ಲೇಟ್ ಗಣಿಗಳ ಸೀಮೆಗೆ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು.

ಕೌನ್ಸಿಲ್‌ನ ಮುಖ್ಯ ಕಚೇರಿ ಕೈರ್ನಾರ್ವನ್ ಊರಲ್ಲಿದೆ. ದೊಡ್ಡ ಕೋಟೆ ಅಲ್ಲೇ ಪಕ್ಕದಲ್ಲಿ. ಈ ಕೋಟೆಯ ಕಥೆ ಕೆಳಗೆ ಬರುತ್ತದೆ.

ಕೌಂಟಿ ಕೌನ್ಸಿಲ್ ಅಂದರೆ ನಮ್ಮ ಜಿಲ್ಲಾ ಪಂಚಾಯಿತಿ ಥರಾನಾ?

ಹತ್ತಿರ ಹತ್ತಿರ ಹೌದು. ಆದರೆ ಅಧಿಕಾರ ಅದಕ್ಕಿಂತ ಜಾಸ್ತಿ. ವೇಲ್ಸ್‌ನಲ್ಲಿ ಇಂಥ 22 ಕೌನ್ಸಿಲ್‌ಗಳಿವೆ. ಎಲ್ಲವೂ ಈಗಿನ ರೂಪಕ್ಕೆ ಬಂದದ್ದು 1996ರ ಏಪ್ರಿಲ್ 1ರಂದು. ಶಾಲೆ, ರಸ್ತೆ, ಕಸ, ವಯಸ್ಸಾದವರ ಆರೈಕೆ, ಮಕ್ಕಳ ರಕ್ಷಣೆ, ಗ್ರಂಥಾಲಯ, ಮನೆ ಕಟ್ಟಲು ಅನುಮತಿ, ಎಲ್ಲ ಇದೇ ಕೌನ್ಸಿಲ್‌ನ ಕೈಯಲ್ಲಿ. ಇಲ್ಲಿ ಜಿಲ್ಲಾಧಿಕಾರಿ ಅಂತ ಒಬ್ಬರಿಲ್ಲ. ಚೀಫ್ ಎಕ್ಸಿಕ್ಯೂಟಿವ್ ಇದ್ದಾರೆ, ಆದರೆ ಅವರನ್ನು ನೇಮಿಸುವುದೂ ಕೌನ್ಸಿಲ್ಲೇ.

ಇದರ ಕೆಳಗೆ ಸಣ್ಣ ಸಣ್ಣ ಊರುಗಳಿಗೆ ಕಮ್ಯುನಿಟಿ ಕೌನ್ಸಿಲ್, ಪಟ್ಟಣಗಳಿಗೆ ಟೌನ್ ಕೌನ್ಸಿಲ್ ಇವೆ. ವೇಲ್ಸ್ ತುಂಬ ಸುಮಾರು 730. ಗ್ರಾಮ ಪಂಚಾಯಿತಿ ಅಂದುಕೊಳ್ಳಿ, ಆದರೆ ಕೆಲಸ ಬಹಳ ಕಡಿಮೆ: ಆಟದ ಮೈದಾನ, ಬೆಂಚು, ಸ್ಮಶಾನ, ಬಸ್ ನಿಲ್ದಾಣದ ಸೂರು.

ಯಾವ ದೂರು ಯಾರಿಗೆ ಕೊಡಬೇಕು?

ಇದರಲ್ಲೇ ಎಲ್ಲರೂ ಎಡವುವುದು. ನಾನು ಬಂದ ಹೊಸತರಲ್ಲಿ ರಸ್ತೆ ಪಕ್ಕದ ಚರಂಡಿ ಕಟ್ಟಿಕೊಂಡು ಮೂರು ವಾರ ನೀರು ನಿಂತಿತ್ತು. ಒಂದು ಕಚೇರಿಗೆ ಬರೆದೆ, ಅದು ನಮ್ಮದಲ್ಲ ಅಂತ ಉತ್ತರ ಬಂತು. ಇನ್ನೊಂದಕ್ಕೆ ಬರೆದೆ, ಅಲ್ಲೂ ಅದೇ ಉತ್ತರ. ಕೊನೆಗೆ ಗೊತ್ತಾಯಿತು: ಆ ರಸ್ತೆ ಟ್ರಂಕ್ ರೋಡ್. ಎ55, ಎ487, ಎ470, ಎ5 ಇಂಥವು ವೇಲ್ಸ್ ಸರ್ಕಾರದವು. ಮಿಕ್ಕ ರಸ್ತೆಗಳು ಕೌಂಟಿ ಕೌನ್ಸಿಲ್‌ನವು. ಆದ್ದರಿಂದ ದೂರು ಬರೆಯುವ ಮೊದಲು ರಸ್ತೆಯ ನಂಬರ್ ನೋಡಿಕೊಳ್ಳಿ.

ಆಸ್ಪತ್ರೆ ಕೌನ್ಸಿಲ್‌ಗೆ ಸೇರಿಲ್ಲ, ಅದು ಹೆಲ್ತ್ ಬೋರ್ಡ್‌ನದು. ಎರುರಿ ನ್ಯಾಷನಲ್ ಪಾರ್ಕ್ ಒಳಗಿನ ಕಟ್ಟಡ ಅನುಮತಿಯೂ ಕೌನ್ಸಿಲ್‌ನದಲ್ಲ, ಪಾರ್ಕ್ ಪ್ರಾಧಿಕಾರದ್ದು. ಊರೊಳಗಿನ 20 ಮೈಲಿ ವೇಗಮಿತಿಯನ್ನು 2023ರ ಸೆಪ್ಟೆಂಬರ್ 17ರಿಂದ ತಂದದ್ದು ವೇಲ್ಸ್ ಸರ್ಕಾರ. ಆದರೆ ತಮ್ಮ ರಸ್ತೆಗಳಲ್ಲಿ ಎಲ್ಲಿ ವಿನಾಯಿತಿ ಕೊಟ್ಟು 30 ಇಡಬೇಕು ಅಂತ ತೀರ್ಮಾನಿಸುವುದು ಕೌನ್ಸಿಲ್.

ಕೌನ್ಸಿಲರ್‌ಗಳು ಎಷ್ಟು ಜನ? ಯಾವ ಪಕ್ಷ? ಸಂಬಳ ಇದೆಯಾ?

69 ಜನ. 2022ರ ಮೇ ಚುನಾವಣೆಯಲ್ಲಿ ವೇಲ್ಸ್‌ನ ಪ್ರಾದೇಶಿಕ ಪಕ್ಷ ಪ್ಲೈಡ್ ಕಮ್ರಿ 44 ಸ್ಥಾನ ಗೆದ್ದಿತು, ಪಕ್ಷೇತರರು 23. ಪಕ್ಷೇತರರ ಸಂಖ್ಯೆ ನೋಡಿ. ವೇಲ್ಸ್‌ನ ಹಳ್ಳಿಗಾಡಿನ ಕೌಂಟಿಗಳಲ್ಲಿ ಇದು ಮಾಮೂಲು. ಊರಿನವರು ಮನುಷ್ಯನನ್ನು ನೋಡಿ ಓಟು ಹಾಕುತ್ತಾರೆ. ಕೌನ್ಸಿಲ್‌ನ ನಾಯಕಿ ನಿಯಾ ಜೆಫ್ರೀಸ್, 2024ರ ಡಿಸೆಂಬರ್‌ನಲ್ಲಿ ಆಯ್ಕೆಯಾದರು. ಮುಂದಿನ ಚುನಾವಣೆ 2027ರ ಮೇ ತಿಂಗಳಲ್ಲಿ.

ಸಂಬಳ ಇದೆ. 2025–26ಕ್ಕೆ ವರ್ಷಕ್ಕೆ 19,771 ಪೌಂಡ್. ಅದನ್ನು ಕೌನ್ಸಿಲರ್‌ಗಳು ತಾವೇ ನಿಗದಿ ಮಾಡಿಕೊಳ್ಳುವ ಹಾಗಿಲ್ಲ, ಬೇರೆ ಸ್ವತಂತ್ರ ಸಂಸ್ಥೆ ಮಾಡುತ್ತದೆ. ಇಲ್ಲಿನ ಖರ್ಚಿಗೆ ಇದು ದೊಡ್ಡ ದುಡ್ಡಲ್ಲ. ಜೊತೆಗೆ ಬೇಸಾಯ, ಅಂಗಡಿ, ಬೇರೆ ಕೆಲಸ ಇಟ್ಟುಕೊಂಡವರೇ ಜಾಸ್ತಿ.

ತೀರ್ಮಾನ ಮಾಡುವುದು ಎಲ್ಲರೂ ಸೇರಿಯಾ, ಕೆಲವರೇನಾ?

ದಿನದಿನದ ತೀರ್ಮಾನ ಕ್ಯಾಬಿನೆಟ್‌ನದು. ನಾಯಕಿಯೂ ಸೇರಿ ಸುಮಾರು ಹತ್ತು ಜನ. ಒಬ್ಬರಿಗೆ ಶಿಕ್ಷಣ, ಒಬ್ಬರಿಗೆ ವಸತಿ, ಒಬ್ಬರಿಗೆ ಹಣಕಾಸು, ಹೀಗೆ. ಕ್ಯಾಬಿನೆಟ್ ಮಾಡಿದ್ದನ್ನು ಪ್ರಶ್ನಿಸಲು ಸ್ಕ್ರೂಟಿನಿ ಸಮಿತಿಗಳಿವೆ. ಅವು ತೀರ್ಮಾನವನ್ನು ವಾಪಸ್ ಕರೆಸಿ, ಇನ್ನೊಮ್ಮೆ ಯೋಚಿಸಿ ಅನ್ನಬಹುದು. ಬಜೆಟ್, ತೆರಿಗೆ ದರ, ದೊಡ್ಡ ಯೋಜನೆಗಳು ಮಾತ್ರ ಪೂರ್ಣ ಸಭೆಗೆ, ಅಂದರೆ ಎಲ್ಲ 69 ಜನರ ಮುಂದೆ ಬರಬೇಕು. ಗೊತ್ತುವಳಿಗಳೂ ಅಲ್ಲೇ.

ಗೊತ್ತುವಳಿ ಹೇಗೆ ಬರುತ್ತದೆ? ಯಾರು ಬೇಕಾದರೂ ತರಬಹುದಾ?

ಯಾವ ಕೌನ್ಸಿಲರ್ ಬೇಕಾದರೂ ತರಬಹುದು. ವಿರೋಧ ಪಕ್ಷದವರು, ಒಂಟಿ ಪಕ್ಷೇತರರು, ಮೊನ್ನೆ ಮೊನ್ನೆ ಗೆದ್ದು ಬಂದವರು, ಎಲ್ಲರಿಗೂ ಒಂದೇ ಹಕ್ಕು. ಇಲ್ಲಿನ ವೆಲ್ಷ್ ಭಾಷೆಯಲ್ಲಿ ಗೊತ್ತುವಳಿಗೆ ‘ಕನ್ನಿಗ್’ ಅನ್ನುತ್ತಾರೆ. ನೀಡುವುದು, ಮುಂದಿಡುವುದು ಅನ್ನುವ ಅರ್ಥವೂ ಅದೇ ಪದಕ್ಕಿದೆ. ನನಗೆ ಆ ಪದ ಇಷ್ಟ.

ಮೊದಲು ಬರಹದಲ್ಲಿ ಕೊಡಬೇಕು. ವಿಷಯ ಕೌನ್ಸಿಲ್‌ನ ಕೆಲಸಕ್ಕೋ ಕೌಂಟಿಯ ಜನಕ್ಕೋ ಸಂಬಂಧಪಟ್ಟಿರಬೇಕು. ಸಭೆಯ ಕಾರ್ಯಸೂಚಿ ಕಡೇ ಪಕ್ಷ ಪೂರ್ತಿ ಮೂರು ದಿನ ಮೊದಲೇ ಜನರ ಕಣ್ಣಿಗೆ ಬೀಳಬೇಕು ಅಂತ ಕಾನೂನೇ ಇದೆ. ಸಭೆಯ ದಿನ ಸೂಚಕರು ಎದ್ದು ಓದುತ್ತಾರೆ, ಕಾರಣ ಹೇಳುತ್ತಾರೆ. ಒಬ್ಬರು ಅನುಮೋದಿಸಬೇಕು. ಅನುಮೋದಿಸುವವರೇ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಆಮೇಲೆ ಚರ್ಚೆ. ಚರ್ಚೆ ನಡುವೆ ಯಾರಾದರೂ ತಿದ್ದುಪಡಿ ತರಬಹುದು. ತಿದ್ದುಪಡಿಗೆ ಮೊದಲು ಮತ, ಅದು ಗೆದ್ದರೆ ತಿದ್ದಿದ ಮಾತಿನ ಮೇಲೆ ಮತ್ತೆ ಮತ. ಕೊನೆಯ ಮಾತು ಸೂಚಕರದ್ದು.

ಈ ತಿದ್ದುಪಡಿಯ ಹೊತ್ತು ಗಮನವಿಟ್ಟು ನೋಡಬೇಕು. ‘ಒತ್ತಾಯಿಸುತ್ತದೆ’ ಅನ್ನುವ ಜಾಗದಲ್ಲಿ ‘ಕೋರುತ್ತದೆ’ ಬಂದರೆ, ‘ತಕ್ಷಣ’ ಅನ್ನುವುದು ಬಿದ್ದುಹೋದರೆ, ಗೊತ್ತುವಳಿಯ ಹಲ್ಲೇ ಉದುರಿದ ಹಾಗೆ. ಪದಕ್ಕಾಗಿ ಹತ್ತು ನಿಮಿಷ ಜಗ್ಗಾಡುವುದನ್ನು ನೋಡಿದರೆ ಹೊಸಬರಿಗೆ ಬೇಸರ ಬರಬಹುದು. ಆದರೆ ನಾಳೆ ಮಂತ್ರಿಗೆ ಹೋಗುವ ಪತ್ರದಲ್ಲಿ ಉಳಿಯುವುದು ಆ ಪದವೇ.

ಪಾಸಾದರೆ ಅದು ಕಾನೂನಾ?

ಅಲ್ಲ. ಹೆಚ್ಚಿನ ಗೊತ್ತುವಳಿಗಳು ಕೌನ್ಸಿಲ್‌ನ ಅಭಿಪ್ರಾಯ ಅಷ್ಟೇ. ಅಧಿಕಾರ ಇನ್ನೊಬ್ಬರ ಕೈಯಲ್ಲಿರುತ್ತದೆ, ಕಾರ್ಡಿಫ್‌ನ ವೇಲ್ಸ್ ಸರ್ಕಾರದಲ್ಲೋ ಲಂಡನ್‌ನ ಬ್ರಿಟನ್ ಸರ್ಕಾರದಲ್ಲೋ.

ಒಂದು ಉದಾಹರಣೆ ಕೋಟೆಯದ್ದು. 1969ರ ಜುಲೈ 1ರಂದು ಚಾರ್ಲ್ಸ್ ಅವರಿಗೆ ಪ್ರಿನ್ಸ್ ಆಫ್ ವೇಲ್ಸ್ ಪಟ್ಟ ಕಟ್ಟಿದ್ದು ಕೈರ್ನಾರ್ವನ್ ಕೋಟೆಯಲ್ಲೇ. 2022ರ ಸೆಪ್ಟೆಂಬರ್‌ನಲ್ಲಿ ಆ ಬಿರುದು ವಿಲಿಯಂ ಅವರಿಗೆ ಬಂತು. ಮುಂದಿನ ತಿಂಗಳೇ ಗ್ವಿನೆದ್ ಕೌನ್ಸಿಲ್‌ನಲ್ಲಿ ಗೊತ್ತುವಳಿ ಬಂತು: ಅಂಥ ಪಟ್ಟಾಭಿಷೇಕ ಇನ್ನು ವೇಲ್ಸ್‌ನಲ್ಲಿ ಬೇಡ. ದೊಡ್ಡ ಬಹುಮತದಿಂದ ಪಾಸಾಯಿತು. ಅರಮನೆಯನ್ನು ತಡೆಯುವ ಅಧಿಕಾರ ಒಂದು ಕೌಂಟಿಗೆ ಇಲ್ಲ, ನಿಜ. ಆದರೆ ಯಾವ ಊರಲ್ಲಿ ಸಮಾರಂಭ ನಡೆದಿತ್ತೋ ಅದೇ ಊರಲ್ಲಿ ಕೂತು ಜನರ ಪ್ರತಿನಿಧಿಗಳು ಬೇಡ ಅಂದರು. ಅದು ನಡಾವಳಿಯಲ್ಲಿ ದಾಖಲಾಗಿದೆ.

ಇನ್ನೊಂದು ಕ್ರೌನ್ ಎಸ್ಟೇಟ್ ವಿಷಯ. ವೇಲ್ಸ್‌ನ ಕಡಲತೀರದ ಬಹುಪಾಲು, ಸಮುದ್ರದ ತಳ, ಇವೆಲ್ಲ ದೊರೆಯ ಹೆಸರಿನ ಆಸ್ತಿ. ಅದರ ಲಾಭ ಲಂಡನ್‌ನ ಖಜಾನೆಗೆ ಹೋಗುತ್ತದೆ. ತನ್ನದೇ ದಡಗಳನ್ನು ಬಳಸಲು ಗ್ವಿನೆದ್ ಕೌನ್ಸಿಲ್ ಬಾಡಿಗೆ ಕಟ್ಟಬೇಕು. 2023ರಲ್ಲಿ ಹಾಗೆ ಕಟ್ಟಿದ್ದು 1 ಲಕ್ಷ 60 ಸಾವಿರ ಪೌಂಡ್‌ಗಿಂತ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ಪುಲ್ಹೆಲಿಯ ದೋಣಿ ನಿಲ್ದಾಣಕ್ಕೆ. ಶಾಲೆಗೆ, ಆರೈಕೆಗೆ ಇಲ್ಲದ ದುಡ್ಡು ಅಲೆ ಬಡಿಯುವ ಮರಳಿಗೆ ಹೋಗುತ್ತದೆ ಅಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ತನ್ನ ನೆಲದ ಇಂಥ ಆಸ್ತಿಯನ್ನು ತಾನೇ ನೋಡಿಕೊಳ್ಳುವ ಅಧಿಕಾರ ಸ್ಕಾಟ್ಲೆಂಡ್‌ಗೆ 2017ರಲ್ಲೇ ಸಿಕ್ಕಿದೆ. ನಮಗೂ ಕೊಡಿ ಅಂತ ಇಲ್ಲಿ ಗೊತ್ತುವಳಿ ಪಾಸಾಯಿತು. ಹೀಗೇ ಒಂದೊಂದೇ ಕೌನ್ಸಿಲ್ ಸೇರುತ್ತಾ ಹೋಗಿ 2025ರ ಹೊತ್ತಿಗೆ ವೇಲ್ಸ್‌ನ ಎಲ್ಲ 22 ಕೌನ್ಸಿಲ್‌ಗಳೂ ಅದೇ ಮಾತು ಹೇಳಿದವು. ಲಂಡನ್ ಒಪ್ಪಿಲ್ಲ. ಆದರೂ ಒಂದು ಕೌನ್ಸಿಲ್ ಕೇಳಿದ್ದಕ್ಕೂ 22 ಕೇಳಿದ್ದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಮತ್ತೆ, ಪಾಸಾದ ಗೊತ್ತುವಳಿ ಸುಮ್ನೆ ಕಡತದಲ್ಲಿ ಮಲಗುವುದಿಲ್ಲ. ಸಂಬಂಧಪಟ್ಟ ಮಂತ್ರಿಗೆ ಪತ್ರ ಹೋಗುತ್ತದೆ. ಉತ್ತರ ಬಂದರೆ ಮುಂದಿನ ಸಭೆಯ ಕಾಗದಗಳ ಜೊತೆ ಅದನ್ನೂ ಸೇರಿಸುತ್ತಾರೆ. ಯಾರು ಏನು ಜಾರಿಕೆಯ ಉತ್ತರ ಕೊಟ್ಟರು ಅಂತ ಯಾರು ಬೇಕಾದರೂ ಓದಬಹುದು. ಕಾರ್ಯಸೂಚಿಯಲ್ಲಿ ನಾನು ಮೊದಲು ತೆರೆಯುವುದು ಆ ಪುಟವನ್ನೇ.

ಸೋತ ಗೊತ್ತುವಳಿಯ ಕಥೆ?

ಸೋತದ್ದು ಸತ್ತಿತು ಅಂತ ತಿಳಿಯಬೇಡಿ. ಇದಕ್ಕೆ ಒಳ್ಳೆಯ ಸಾಕ್ಷಿ ಬೆಟ್ಟದ ಹೆಸರು. ಇಂಗ್ಲಿಷ್‌ನಲ್ಲಿ ಸ್ನೋಡನ್ ಅನ್ನುವ ಶಿಖರಕ್ಕೆ ಇಲ್ಲಿನವರು ನೂರಾರು ವರ್ಷದಿಂದ ಅರ್ ವಿದ್ವಾ ಅನ್ನುತ್ತಾರೆ. ಸುತ್ತಲಿನ ಸೀಮೆ ಎರುರಿ, ಇಂಗ್ಲಿಷ್‌ನಲ್ಲಿ ಸ್ನೋಡೋನಿಯ. 2021ರಲ್ಲಿ ಗ್ವಿನೆದ್‌ನ ಒಬ್ಬ ಕೌನ್ಸಿಲರ್ ನ್ಯಾಷನಲ್ ಪಾರ್ಕ್ ಪ್ರಾಧಿಕಾರದಲ್ಲಿ ಗೊತ್ತುವಳಿ ತಂದರು: ಇನ್ನು ಮೇಲೆ ವೆಲ್ಷ್ ಹೆಸರುಗಳನ್ನೇ ಬಳಸೋಣ. ಆ ಪ್ರಾಧಿಕಾರದಲ್ಲಿ 18 ಸದಸ್ಯರು, ಅದರಲ್ಲಿ 9 ಜನ ಗ್ವಿನೆದ್ ಕೌನ್ಸಿಲ್‌ನವರೇ. ಸ್ಥಳನಾಮಗಳ ಬಗ್ಗೆ ಒಂದು ತಂಡ ಆಗಲೇ ಕೆಲಸ ಮಾಡುತ್ತಿದೆ, ಅದು ಮುಗಿಯಲಿ ಅಂತ ಹೇಳಿ ಆ ದಿನ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಸುದ್ದಿ ಹರಡಿತು. ಜನ ಅರ್ಜಿ ಬರೆದರು, ಸಾವಿರಾರು ಸಹಿ ಬಿದ್ದವು. 2022ರ ನವೆಂಬರ್‌ನಲ್ಲಿ ಪ್ರಾಧಿಕಾರ ಅದನ್ನೇ ಒಪ್ಪಿತು. ಈಗ ಫಲಕ, ನಕ್ಷೆ, ಪತ್ರ, ಎಲ್ಲೆಲ್ಲೂ ಎರುರಿ, ಅರ್ ವಿದ್ವಾ. ಬೆಂಗಳೂರು, ಮೈಸೂರು, ಬೆಳಗಾವಿ ಅಂತ ಊರ ಹೆಸರು ಸರಿಮಾಡಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ?

ವೆಲ್ಷ್‌ನಲ್ಲಿ. ಅದರದ್ದೇ ಭಾಷೆಯಲ್ಲಿ ಕಮ್ರೈಗ್. ಗ್ವಿನೆದ್‌ನಲ್ಲಿ 100ಕ್ಕೆ 64 ಜನ ಈ ಭಾಷೆ ಬಲ್ಲವರು. ಇಡೀ ವೇಲ್ಸ್ ತೆಗೆದುಕೊಂಡರೆ 100ಕ್ಕೆ 18 ಮಾತ್ರ, ಒಟ್ಟು 5 ಲಕ್ಷ 38 ಸಾವಿರ. ಕೌನ್ಸಿಲ್‌ನ ಒಳಗಿನ ಆಡಳಿತವೂ ವೆಲ್ಷ್‌ನಲ್ಲೇ: ಅಧಿಕಾರಿಗಳ ಟಿಪ್ಪಣಿ, ಮೇಲ್, ವರದಿ, ಸಭೆ. ಜನರಿಗೆ ಕೊಡುವ ಕಾಗದ ಮಾತ್ರ ಎರಡೂ ಭಾಷೆಯಲ್ಲಿರುತ್ತದೆ. ಒಬ್ಬರು ಇಂಗ್ಲಿಷ್‌ನಲ್ಲಿ ಬರೆದು ಕೇಳಿದರೆ ಇಂಗ್ಲಿಷ್‌ನಲ್ಲೇ ಉತ್ತರ ಬರುತ್ತದೆ, ಅದರಲ್ಲಿ ಏನೂ ತೊಂದರೆ ಇಲ್ಲ.

ಮೊದಲ ಸಲ ಸಭೆ ನೋಡಲು ಹೋದಾಗ ನನ್ನ ಕೈಗೆ ಒಂದು ಹೆಡ್‌ಫೋನ್ ಕೊಟ್ಟರು. ಒಬ್ಬರು ವೆಲ್ಷ್‌ನಲ್ಲಿ ಮಾತಾಡುತ್ತಿದ್ದರೆ ಕಿವಿಯಲ್ಲಿ ಇನ್ನೊಬ್ಬರ ದನಿ ಆಗಿಂದಾಗಲೇ ಇಂಗ್ಲಿಷ್‌ನಲ್ಲಿ ಹೇಳುತ್ತಾ ಹೋಗುತ್ತದೆ. ಅನುವಾದಕರು ಒಂದೆರಡು ಕ್ಷಣ ಹಿಂದೆ ಇರುತ್ತಾರೆ. ಯಾರೋ ಒಂದು ನಗೆಮಾತು ಆಡಿದರು. ಇಡೀ ಸಭೆ ನಕ್ಕಿತು. ಹೆಡ್‌ಫೋನ್ ಹಾಕಿಕೊಂಡಿದ್ದ ನಾವು ನಾಲ್ಕು ಜನ ಮಾತ್ರ ಆಮೇಲೆ ನಕ್ಕೆವು.

ಅವತ್ತು ನನ್ನ ತಲೆಯಲ್ಲಿ ಕೂತದ್ದು ಇಷ್ಟು: ಹೆಡ್‌ಫೋನ್ ಹಾಕಿಕೊಳ್ಳಬೇಕಾದವರು ಯಾರು ಅನ್ನುವುದೇ ಎಲ್ಲ. ಇಲ್ಲಿ ಭಾಷೆ ಬಾರದವರು ಹಾಕಿಕೊಳ್ಳುತ್ತಾರೆ, ಭಾಷೆ ಬಲ್ಲವರು ತಮ್ಮ ಮಾತು ಬಿಡಬೇಕಾಗಿಲ್ಲ. ಎಷ್ಟು ಕಡೆ ಇದು ಉಲ್ಟಾ ಆಗುತ್ತದೆ ನೋಡಿ. ಹತ್ತು ಜನ ಕನ್ನಡದವರ ನಡುವೆ ಕನ್ನಡ ಬಾರದ ಒಬ್ಬರು ಕೂತರೆ ಹತ್ತೂ ಜನ ಇಂಗ್ಲಿಷ್‌ಗೆ ಹೊರಳುತ್ತೇವೆ. ಅದನ್ನು ಮರ್ಯಾದೆ ಅಂದುಕೊಳ್ಳುತ್ತೇವೆ. ಕರ್ನಾಟಕದಲ್ಲಿ ಆಡಳಿತ ಭಾಷೆಯ ಕಾಯ್ದೆ 1963ರಲ್ಲೇ ಬಂತು. ಆದರೂ ಮೇಲಿನ ಹಂತದ ಎಷ್ಟು ಸಭೆಗಳು ಪೂರ್ತಿ ಕನ್ನಡದಲ್ಲಿ ನಡೆಯುತ್ತವೆ? ಗ್ವಿನೆದ್‌ನವರು ಯಾರ ಮರ್ಯಾದೆಯನ್ನೂ ಕಳೆಯದೆ ತಮ್ಮ ಭಾಷೆ ಉಳಿಸಿಕೊಂಡಿದ್ದಾರೆ. ಅದಕ್ಕೆ ಬೇಕಾದದ್ದು ಒಂದು ಹೆಡ್‌ಫೋನ್, ಒಬ್ಬ ಒಳ್ಳೆಯ ಅನುವಾದಕ, ಮತ್ತು ಇದು ನಮ್ಮ ಸಭೆ ಅನ್ನುವ ಗಟ್ಟಿ ಮನಸ್ಸು.

ಎರಡನೇ ಮನೆಗಳ ಬಗ್ಗೆ ಯಾಕೆ ಅಷ್ಟು ಗಲಾಟೆ?

ಕಡಲ ಪಕ್ಕದ ಊರುಗಳಲ್ಲಿ ಹೊರಗಿನವರು ರಜೆಗೆ ಅಂತ ಮನೆ ಕೊಳ್ಳುತ್ತಾರೆ. ಬೆಲೆ ಏರುತ್ತದೆ. ಅದೇ ಊರಲ್ಲಿ ಹುಟ್ಟಿದ ಹುಡುಗಿಗೆ ಅಲ್ಲಿ ಮನೆ ಸಿಗುವುದಿಲ್ಲ. ಅವಳು ಹೊರಟುಹೋದರೆ ಅವಳ ಮಕ್ಕಳೂ ಹೋದರು, ಅವರ ಭಾಷೆಯೂ ಹೋಯಿತು. ಚಳಿಗಾಲದ ಸಂಜೆ ಇಂಥ ಊರೊಳಗೆ ನಡೆದು ನೋಡಿ. ಸಾಲು ಸಾಲು ಮನೆ, ದೀಪ ಇರುವುದು ಎರಡೋ ಮೂರೋ ಕಿಟಕಿಯಲ್ಲಿ.

ವೇಲ್ಸ್‌ನ ಕೌನ್ಸಿಲ್‌ಗಳಿಗೆ ಇಂಥ ಮನೆಗಳ ಮೇಲೆ ಹೆಚ್ಚುವರಿ ಕೌನ್ಸಿಲ್ ತೆರಿಗೆ, ಅಂದರೆ ನಮ್ಮ ಮನೆ ಕಂದಾಯದಂಥದ್ದು, ಹಾಕುವ ಅಧಿಕಾರ ಇದೆ. 2023ರ ಏಪ್ರಿಲ್‌ನಿಂದ 100ಕ್ಕೆ 300ರವರೆಗೂ ಏರಿಸಬಹುದು. ಗ್ವಿನೆದ್ 2018ರಲ್ಲಿ 50ರಿಂದ ಶುರು ಮಾಡಿತು, 2021ರಲ್ಲಿ 100 ಮಾಡಿತು, 2023ರಲ್ಲಿ 150. ಲೆಕ್ಕ ಹೀಗೆ: ಒಂದು ಮನೆಗೆ ಮಾಮೂಲು ತೆರಿಗೆ 2,000 ಪೌಂಡ್ ಅಂದುಕೊಳ್ಳಿ, ಎರಡನೇ ಮನೆಯಾದರೆ 5,000. ಹೆಚ್ಚುವರಿಯಾಗಿ ಬಂದ ಹಣ ಊರಿನವರಿಗೆ ಮನೆ ಒದಗಿಸುವ ಯೋಜನೆಗೆ ಹೋಗುತ್ತದೆ.

ತಪ್ಪಿಸಿಕೊಳ್ಳಲು ಕೆಲವರು ಒಂದು ದಾರಿ ಹುಡುಕಿದ್ದರು. ಮನೆಯನ್ನು ರಜಾ ಬಾಡಿಗೆಯ ವ್ಯಾಪಾರ ಅಂತ ತೋರಿಸುವುದು. ಮೊದಲು ವರ್ಷಕ್ಕೆ 70 ದಿನ ಬಾಡಿಗೆಗೆ ಹೋದರೆ ಸಾಕಿತ್ತು. 2023ರ ಏಪ್ರಿಲ್‌ನಿಂದ ವೇಲ್ಸ್ ಸರ್ಕಾರ ಅದನ್ನು 182 ದಿನ ಮಾಡಿತು. ಇದರಿಂದ ನಿಜವಾಗಿ ಅದೇ ವ್ಯಾಪಾರ ಮಾಡುವ ಸಣ್ಣವರಿಗೂ ಪೆಟ್ಟು ಬಿದ್ದಿದೆ. ಕೊಟ್ಟಿಗೆಯನ್ನು ಕಾಟೇಜ್ ಮಾಡಿಕೊಂಡ ರೈತರು ಈ ಬಗ್ಗೆ ನೊಂದು ಮಾತಾಡುತ್ತಾರೆ. ಅವರ ಮಾತಲ್ಲೂ ನ್ಯಾಯ ಇದೆ.

2024ರ ಸೆಪ್ಟೆಂಬರ್ 1ರಿಂದ ಇನ್ನೊಂದು ನಿಯಮ ಬಂತು. ಇದ್ದ ಮನೆಯನ್ನು ಎರಡನೇ ಮನೆಯಾಗಿ ಅಥವಾ ರಜಾ ಬಾಡಿಗೆಯ ಮನೆಯಾಗಿ ಬದಲಿಸಬೇಕಾದರೆ ಕೌನ್ಸಿಲ್‌ನ ಅನುಮತಿ ಬೇಕು ಅಂತ. ವೇಲ್ಸ್‌ನಲ್ಲಿ ಇಂಥ ಹೆಜ್ಜೆ ಇಟ್ಟ ಮೊದಲ ಕೌನ್ಸಿಲ್ ಗ್ವಿನೆದ್. ಅದನ್ನು ಪ್ರಶ್ನಿಸಿ ಹೈಕೋರ್ಟ್‌ನಲ್ಲಿ ಕೇಸೂ ಆಯಿತು. ಹಾಗಾಗಿ ಮನೆ ಕೊಳ್ಳುವವರು ಅವತ್ತಿನ ನಿಯಮ ಏನು ಅಂತ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಅಂದ ಹಾಗೆ, ಸಭೆಯಲ್ಲಿ ಸ್ವಂತ ಲಾಭ ನಷ್ಟ ಇರುವ ವಿಷಯ ಬಂದರೆ ಕೌನ್ಸಿಲರ್ ಅದನ್ನು ಬಾಯಿಬಿಟ್ಟು ಹೇಳಬೇಕು. ಆ ಲಾಭ ನಷ್ಟ ದೊಡ್ಡದಾಗಿದ್ದರೆ, ವಿಶೇಷ ಅನುಮತಿ ಇಲ್ಲದ ಹೊರತು ಎದ್ದು ಹೊರಗೆ ಹೋಗಬೇಕು. ತಪ್ಪಿದರೆ ದೂರು ಓಂಬುಡ್ಸ್‌ಮನ್, ಅಂದರೆ ನಮ್ಮ ಲೋಕಾಯುಕ್ತರಂಥವರವರೆಗೆ ಹೋಗಬಹುದು.

ಬಜೆಟ್ ಸಭೆ ಯಾವಾಗ? ತೆರಿಗೆ ಯಾಕೆ ಪ್ರತಿ ವರ್ಷ ಏರುತ್ತದೆ?

ಮಾರ್ಚ್ 11ರ ಒಳಗೆ ಕೌನ್ಸಿಲ್ ತೆರಿಗೆ ನಿಗದಿಯಾಗಬೇಕು, ಅದು ಕಾನೂನು. ಕೌನ್ಸಿಲ್ ಕೊರತೆ ಬಜೆಟ್ ಮಾಡುವ ಹಾಗಿಲ್ಲ. ಬರುವ ಹಣದ ದೊಡ್ಡ ಪಾಲು ವೇಲ್ಸ್ ಸರ್ಕಾರದ ಅನುದಾನ. ಅದು ಸಾಲದಿದ್ದರೆ ಒಂದೋ ಸೇವೆ ಕಡಿತ, ಇಲ್ಲವೋ ತೆರಿಗೆ ಏರಿಕೆ. 2024–25ಕ್ಕೆ ಗ್ವಿನೆದ್‌ನಲ್ಲಿ ತೆರಿಗೆ 100ಕ್ಕೆ 9.54 ಏರಿತು, ಮುಂದಿನ ವರ್ಷ 8.66. ಮನೆಗಳಿಗೆ ‘ಎ’ಯಿಂದ ‘ಐ’ವರೆಗೆ ದರ್ಜೆ ಇದೆ, ಅದಕ್ಕೆ ಇವತ್ತಿಗೂ 2003ರ ಬೆಲೆಯೇ ಆಧಾರ.

ಒಂದು ನಿಯಮ ನನಗೆ ತುಂಬ ಹಿಡಿಸಿದೆ. ಯಾವ ಕೌನ್ಸಿಲರ್ ಎರಡು ತಿಂಗಳು ಅಥವಾ ಅದಕ್ಕೂ ಹೆಚ್ಚು ಕೌನ್ಸಿಲ್ ತೆರಿಗೆ ಬಾಕಿ ಉಳಿಸಿಕೊಂಡಿದ್ದಾರೋ ಅವರು ಬಜೆಟ್‌ಗೆ ಮತ ಹಾಕುವ ಹಾಗಿಲ್ಲ.

ಹಳ್ಳಿ ಶಾಲೆಗಳನ್ನು ಮುಚ್ಚುತ್ತಾರಂತಲ್ಲ?

ಮಕ್ಕಳು ಕಡಿಮೆಯಾದ ಕಡೆ ಮುಚ್ಚುತ್ತಾರೆ. ಲೀನ್ ಪರ್ಯಾಯ ದ್ವೀಪದ ಅಬರ್ಸೋಖ್ ಶಾಲೆ 2021ರ ಕೊನೆಗೆ ಮುಚ್ಚಿತು. ಅದು ಎರಡನೇ ಮನೆಗಳು ತುಂಬಿಹೋದ ಊರು. ಮೇಲಿನ ಪ್ರಶ್ನೆಗೂ ಇದಕ್ಕೂ ನಂಟು ಇದೆ ಅಂತ ಗೊತ್ತಾಗಲು ಬೇರೆ ವಿವರಣೆ ಬೇಡ. ಈಗ ವೇಲ್ಸ್‌ನ ನಿಯಮದಲ್ಲಿ ಹಳ್ಳಿ ಶಾಲೆಗಳಿಗೆ ಒಂದು ರಕ್ಷಣೆ ಇದೆ: ಮುಚ್ಚುವುದಕ್ಕೆ ಬದಲು ಬೇರೆ ಎಲ್ಲ ದಾರಿ ನೋಡಿದ್ದೇವೆ ಅಂತ ಕೌನ್ಸಿಲ್ ತೋರಿಸಬೇಕು. ಆಕ್ಷೇಪಣೆ ಸಲ್ಲಿಸಲು ಜನರಿಗೆ 28 ದಿನ ಸಿಗುತ್ತದೆ. ನಿಮ್ಮ ಮಗುವಿನ ಶಾಲೆಯ ಹೆಸರು ಕಾರ್ಯಸೂಚಿಯಲ್ಲಿ ಬಂದರೆ ಆ 28 ದಿನ ಕಳೆದುಕೊಳ್ಳಬೇಡಿ.

ಸಣ್ಣ ಸಣ್ಣ ವಿಷಯಕ್ಕೂ ಇಲ್ಲಿನವರು ನಮ್ಮನ್ನು ಕೇಳಲಿಲ್ಲ ಅಂತ ಸಿಟ್ಟಾಗುತ್ತಾರಲ್ಲ, ಯಾಕೆ?

ಯಾಕೆಂದರೆ ಒಮ್ಮೆ ನಿಜವಾಗಿಯೂ ಕೇಳಲಿಲ್ಲ. ಇದೇ ಕೌಂಟಿಯ ಬಾಲಾ ಊರಿನ ಹತ್ತಿರ ತ್ರಿವೆರಿನ್ ಕಣಿವೆ. ಅಲ್ಲಿ ಕಪೆಲ್ ಕೆಲಿನ್ ಅನ್ನುವ ಹಳ್ಳಿ ಇತ್ತು. ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ, ಸ್ಮಶಾನ, ಒಂದಷ್ಟು ಮನೆ, ಸುತ್ತ ಹೊಲ. ಎಲ್ಲರದ್ದೂ ವೆಲ್ಷ್ ಮಾತು. ಲಿವರ್‌ಪೂಲ್ ನಗರಕ್ಕೆ ನೀರು ಬೇಕಿತ್ತು. ಅಣೆಕಟ್ಟಿಗೆ ಇಲ್ಲಿನ ಕೌನ್ಸಿಲ್‌ಗಳ ಅನುಮತಿ ಕೇಳುವ ಬದಲು ಅವರು ನೇರವಾಗಿ ಲಂಡನ್ ಪಾರ್ಲಿಮೆಂಟಿನಲ್ಲಿ 1957ರಲ್ಲಿ ಒಂದು ಕಾಯ್ದೆಯನ್ನೇ ಪಾಸು ಮಾಡಿಸಿಕೊಂಡರು. ವೇಲ್ಸ್‌ನ 36 ಸಂಸದರಲ್ಲಿ ಒಬ್ಬರೂ ಅದರ ಪರ ಮತ ಹಾಕಲಿಲ್ಲ. ಆದರೂ ಕಾಯ್ದೆ ಆಯಿತು. 1965ರಲ್ಲಿ ಹಳ್ಳಿ ಮುಳುಗಿತು.

ಲಿವರ್‌ಪೂಲ್ ಕೌನ್ಸಿಲ್ ಕ್ಷಮೆ ಕೇಳಿದ್ದು 2005ರಲ್ಲಿ, 40 ವರ್ಷ ಕಳೆದ ಮೇಲೆ. ವೇಲ್ಸ್‌ನ ಗೋಡೆಗಳ ಮೇಲೆ ‘ಕೋವಿಯುಖ್ ದ್ರಿವೆರಿನ್’ ಅಂತ ಬರೆದಿರುವುದನ್ನು ನೋಡುತ್ತೀರಿ. ತ್ರಿವೆರಿನ್ ಮರೆಯಬೇಡಿ ಅಂತ ಅದರ ಅರ್ಥ. ಹಿನ್ನೀರಲ್ಲಿ ಊರು ಮುಳುಗಿದ ನೋವು ಶರಾವತಿ ಕಡೆಯವರಿಗೆ, ಆಲಮಟ್ಟಿ ಕಡೆಯವರಿಗೆ ಚೆನ್ನಾಗಿ ಗೊತ್ತು. ಇಲ್ಲಿ ಅದರ ಮೇಲೆ ಇನ್ನೊಂದು ಗಾಯವೂ ಸೇರಿತು: ಸ್ಥಳೀಯ ಸಭೆಯ ಒಪ್ಪಿಗೆಯೇ ಬೇಕಾಗಲಿಲ್ಲ.

ನನ್ನದು ಭಾರತದ ಪಾಸ್‌ಪೋರ್ಟ್. ನಾನು ಓಟು ಹಾಕಬಹುದಾ?

ಖಂಡಿತ. ವೇಲ್ಸ್‌ನಲ್ಲಿ ಕಾನೂನು ಪ್ರಕಾರ ವಾಸವಾಗಿರುವ ಯಾವ ದೇಶದವರಾದರೂ ಕೌನ್ಸಿಲ್ ಚುನಾವಣೆಯಲ್ಲಿ, ಸೆನೆದ್ ಅಂದರೆ ವೇಲ್ಸ್ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಹಾಕಬಹುದು. 16 ವರ್ಷ ತುಂಬಿದರೆ ಸಾಕು. ಹೆಸರು ನೋಂದಾಯಿಸಲು 14. ಭಾರತದವರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಲಂಡನ್ ಪಾರ್ಲಿಮೆಂಟಿಗೂ ಮತ ಹಾಕಬಹುದು, ಅದಕ್ಕೆ ಮಾತ್ರ 18 ಆಗಿರಬೇಕು, ಫೋಟೊ ಇರುವ ಗುರುತಿನ ಚೀಟಿಯೂ ಬೇಕು. ಕೌನ್ಸಿಲ್ ಮತ್ತು ಸೆನೆದ್ ಚುನಾವಣೆಗೆ ಫೋಟೊ ಚೀಟಿ ಬೇಡ.

ಇದು ಗೊತ್ತಿಲ್ಲದೆ ಎಷ್ಟೋ ಜನ ವರ್ಷಗಟ್ಟಲೆ ಸುಮ್ನೆ ಕೂತಿದ್ದಾರೆ. ನಾವು ಹೊರಗಿನವರು, ನಮಗೇಕೆ ಅಂತ. ತೆರಿಗೆ ಕಟ್ಟುತ್ತೀರಿ, ಮಕ್ಕಳು ಇಲ್ಲಿನ ಶಾಲೆಗೆ ಹೋಗುತ್ತಾರೆ. ದಯವಿಟ್ಟು ಹೆಸರು ಸೇರಿಸಿ.

ಚುನಾವಣೆಯ ಪದ್ಧತಿ ಬದಲಾಗುತ್ತದಂತೆ?

2021ರ ವೇಲ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್‌ಗಳು ಬೇಕಾದರೆ ಆದ್ಯತೆಯ ಕ್ರಮದಲ್ಲಿ ಮತ ಹಾಕುವ ಪದ್ಧತಿಗೆ ಹೋಗಬಹುದು. ಆದರೆ ಒಟ್ಟು ಸ್ಥಾನಗಳ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಗ್ವಿನೆದ್‌ನಲ್ಲಿ ಅಂದರೆ 46 ಜನ. 2027ಕ್ಕೆ ಎಲ್ಲ ಕಡೆ ಹಳೆಯ ಪದ್ಧತಿಯೇ.

ನಾನು ಹೋಗಿ ಸಭೆ ನೋಡಬಹುದಾ?

ನೋಡಬಹುದು. ಪಾಸು ಬೇಡ, ಪರಿಚಯ ಬೇಡ. ಪೂರ್ಣ ಸಭೆಯನ್ನು ನೇರ ಪ್ರಸಾರ ಮಾಡುವುದು ಈಗ ಕಾನೂನಿನ ಪ್ರಕಾರ ಕಡ್ಡಾಯ, ಹಾಗಾಗಿ ಮನೆಯಿಂದಲೂ ನೋಡಬಹುದು. ಜನರ ಅರ್ಜಿಗಳನ್ನು ಸ್ವೀಕರಿಸುವ ವ್ಯವಸ್ಥೆಯನ್ನೂ ಪ್ರತಿ ಕೌನ್ಸಿಲ್ ಇಟ್ಟುಕೊಂಡಿರಬೇಕು. ಗೊತ್ತುವಳಿ ಬೇಕು ಅನ್ನಿಸಿದರೆ ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಬರೆಯಿರಿ. ಅರ್ಧ ಪುಟ ಸಾಕು: ಏನಾಗಿದೆ, ಯಾರಿಗೆ ತೊಂದರೆ, ಕೌನ್ಸಿಲ್ ಏನು ಮಾಡಬೇಕು.

ಕಮ್ರೈಗ್ ಕಲಿಯಲೇಬೇಕಾ?

ಯಾರೂ ಬಲವಂತ ಮಾಡುವುದಿಲ್ಲ. ಹೊಸದಾಗಿ ಬಂದ ಮಕ್ಕಳಿಗೆ ಶಾಲೆಯ ಕಡೆಯಿಂದಲೇ ಕೆಲವು ವಾರ ಪೂರ್ತಿ ಭಾಷೆಯಲ್ಲೇ ಮುಳುಗಿಸಿ ಕಲಿಸುವ ಕೇಂದ್ರಗಳಿವೆ. ಗ್ವಿನೆದ್ ಇದನ್ನು 1980ರ ದಶಕದಿಂದಲೇ ನಡೆಸುತ್ತಿದೆ. ದೊಡ್ಡವರಿಗೆ ಸಂಜೆ ತರಗತಿ ಇವೆ. ಲೀನ್‌ನಲ್ಲಿ ಸಮುದ್ರದ ಅಂಚಿಗೆ ಒಂದು ಕಲ್ಲುಗಣಿಯ ಊರು ಪಾಳು ಬಿದ್ದಿತ್ತು. ಅದನ್ನೇ ಎತ್ತಿ ನಿಲ್ಲಿಸಿ ಭಾಷೆ ಕಲಿಸುವ ಕೇಂದ್ರ ಮಾಡಿದ್ದಾರೆ, ನಾಂಟ್ ಗುರ್ಥೈರ್ನ್ ಅಂತ. ಒಂದು ವಾರ ಅಲ್ಲೇ ಉಳಿದು ಕಲಿಯಬಹುದು.

ನಮಗೆ ‘ಖ’ ಬರುತ್ತದೆ, ‘ರ’ ನಾಲಿಗೆಯಲ್ಲಿ ಹೊರಳುತ್ತದೆ, ಆದ್ದರಿಂದ ಅರ್ಧ ಕಷ್ಟ ಅಲ್ಲಿಗೇ ಕಳೆಯಿತು. ನಾನು ಇನ್ನೂ ಕಲಿಯುತ್ತಲೇ ಇದ್ದೇನೆ. ಹೋದ ಚಳಿಗಾಲದಲ್ಲಿ ಒಂದು ಸಭೆಗೆ ಹೋದಾಗ ಕಸದ ಗಾಡಿಯ ಬಗ್ಗೆ ಚರ್ಚೆ ನಡೆಯುತ್ತಿತ್ತು. ಅರ್ಧದಲ್ಲಿ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಎಲ್ಲ ಅರ್ಥವಾಗಲಿಲ್ಲ. ಆದರೆ ಯಾರೋ ಏನೋ ಅಂದಾಗ ಎಲ್ಲರ ಜೊತೆಗೇ ನಕ್ಕೆ.